ಯೂಟ್ಯೂಬ್ ಪಾಠ ತಲೆಯಲ್ಲಿ ಉಳಿಯಬೇಕೇ? ಹೀಗೆ ಮಾಡಿ

ಕೆಪಿಎಸ್‌ಸಿಗೆ ಓದುವ ಹುಡುಗರ ಮೊಬೈಲ್ ನೋಡಿ. ಟೆಲಿಗ್ರಾಂ ತುಂಬ ಪಿಡಿಎಫ್, ಗ್ಯಾಲರಿ ತುಂಬ ಸ್ಕ್ರೀನ್‌ಶಾಟ್. ಸೇವ್ ಮಾಡಿದ್ದೇ ಓದಿದ ಹಾಗೆ ಅಂದುಕೊಂಡಿರುತ್ತಾರೆ.

ಮೊದಲು ನೋಟಿಫಿಕೇಶನ್ ಆಫ್ ಮಾಡಿ. ಆಮೇಲೆ ಒಂದೇ ಪಾಠ ಹಾಕಿ, ಹತ್ತು ನಿಮಿಷ ನೋಡಿ ನಿಲ್ಲಿಸಿ. ಹೊಸ ವಿಷಯವನ್ನು ದುಪ್ಪಟ್ಟು ವೇಗದಲ್ಲಿ ಓಡಿಸಬೇಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಮೊಬೈಲ್ ಮಗುಚಿಟ್ಟು, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆಯಬೇಕು. ಸಂವಿಧಾನದ 73ನೇ ತಿದ್ದುಪಡಿ ನೋಡಿದಿರಿ ಅನ್ನಿ. ಯಾವುದರ ಬಗ್ಗೆ? ಯಾವಾಗ ಜಾರಿಗೆ ಬಂತು? ಹನ್ನೊಂದನೇ ಅನುಸೂಚಿಯಲ್ಲಿ ಎಷ್ಟು ವಿಷಯ? ಪಂಚಾಯತ್ ರಾಜ್, 1993ರ ಏಪ್ರಿಲ್ 24, 29 ವಿಷಯ ಎಂದು ನೀವೇ ಬರೆಯಬೇಕು. ಹೊಳೆಯದಿದ್ದರೆ ಒಂದೆರಡು ನಿಮಿಷ ಒದ್ದಾಡಿ. ತಕ್ಷಣ ನೋಟ್ಸ್ ಇಣುಕಿ 'ಹಾಂ, ಇದು ಗೊತ್ತಿತ್ತು' ಅಂದುಕೊಂಡರೆ ಕೆಟ್ಟಿತು. ನೋಡಿದಾಗ ಗುರುತು ಹತ್ತುವುದು ಬೇರೆ, ನೋಡದೆ ಹೇಳುವುದು ಬೇರೆ. ಬರೆದು ಮುಗಿದ ಮೇಲೆ ಪಾಠ ತೆರೆದು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ನಾಲ್ಕು ಆಯ್ಕೆ ಕೊಡುವ ಕ್ವಿಜ್ ಆ್ಯಪ್ ಇದಕ್ಕೆ ಬದಲಿಯಲ್ಲ, ಅಲ್ಲಿ ಉತ್ತರ ಕಣ್ಣೆದುರೇ ಇರುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳೇ ಮುಂದಿದ್ದರು. ವಾರದ ನಂತರ ಕೇಳಿದರೆ, ನೆನಪಿನಿಂದ ಬರೆದವರು ಮುಂದೆ! ನೆನಪನ್ನು ಹೊರಗೆಳೆದಾಗಲೆಲ್ಲ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಓದುವಾಗ ಸಲೀಸು ಅನ್ನಿಸಿದ್ದು ಉಳಿಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಅದೇ ಪ್ರಶ್ನೆಗಳನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಕೇಳಿಕೊಳ್ಳಿ. ಲೆಕ್ಕ ಇಡಲು ಆ್ಯಂಕಿ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ. ಅದರಲ್ಲಿ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡುಗಳಿರುತ್ತವೆ, ಅವನ್ನು ಮಾತ್ರ ನೀವೇ ಬರೆಯಿರಿ. ಬೇರೆಯವರ ರೆಡಿಮೇಡ್ ಕಾರ್ಡು ಸುಮ್ನೆ ಜಾಗ ತಿನ್ನುತ್ತದೆ.

'ಮೆದುಳು ಚುರುಕುಗೊಳಿಸುವ' ಆಟದ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಲುಮಾಸಿಟಿ ಎಂಬ ಅಂಥ ಆ್ಯಪಿನ ಕಂಪನಿ, ದಾರಿತಪ್ಪಿಸುವ ಜಾಹೀರಾತಿನ ಆರೋಪದ ಮೇಲೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆಟ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ ಅಷ್ಟೇ.

ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿ. ಓದಿದ್ದನ್ನು ಮೆದುಳು ನಿದ್ದೆಯಲ್ಲೂ ಗಟ್ಟಿ ಮಾಡಿಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ವಿಡಿಯೊ ಬೇಡ, ಕೆಂಪು ಶಾಯಿಯ ಸಾಲುಗಳನ್ನು ನೋಡಿಕೊಂಡರೆ ಸಾಕು.