ಕದಿರು ಸಿಕ್ಕ ಬಗೆ: ಲೂವಿಯನ್ ಪದಗಳ ಜೊತೆ ನನ್ನ ಅನುಭವ

ಲೂವಿಯನ್ ಅಂದರೆ ಈಗಿನ ಟರ್ಕಿಯಲ್ಲಿ ಹಿಂದೆ ಇದ್ದ, ಚಿತ್ರಲಿಪಿಯಲ್ಲೂ ಬರೆಯುತ್ತಿದ್ದ ಹಳೆ ಭಾಷೆ. ಇನ್ನೊಂದು ಭಾಷೆಯ ಪಾಠ ನೋಡದೆ ಅದರ ಪದದ ಅರ್ಥ ಹಿಡಿಯೋದು ಆಗದ ಕೆಲಸ ಅಂತ ಜೊತೆಗೆ ಓದುವವರು ಎರಡು ವರ್ಷ ಹೇಳಿದರು. ಕೊನೆಗೂ ಆಯಿತು. 20ರಲ್ಲಿ 11 ಪದ ಸರಿ ಬಂತು, ಇದು ಕಡಿಮೆ ಏನಲ್ಲ.

ಪರೀಕ್ಷೆಗೆ ತಗೊಂಡಿದ್ದು ಟರ್ಕಿಯ ಕಾರಾತೆಪೆ ಶಾಸನ, ಒಂದೇ ವಿಷಯ ಫಿನೀಷಿಯನ್ ಮತ್ತು ಲೂವಿಯನ್ ಎರಡೂ ಭಾಷೆಯಲ್ಲಿದೆ. ಫಿನೀಷಿಯನ್ ಭಾಗ ಗೆಳೆಯನ ಹತ್ತಿರ, ಲೂವಿಯನ್ ಭಾಗ ನನ್ನ ಹತ್ತಿರ. ಪದ ಯಾವ ಬಗೆಯದು ಅಂತ ತೋರಿಸಲು ಅದರ ಮುಂದೆ ಬರುವ ಚಿತ್ರಗಳಿಗೆ ವಿದ್ವಾಂಸರು ಕೊಟ್ಟ ಲ್ಯಾಟಿನ್ ಹೆಸರು ಬೇಡ, ಲರೋಶ್ ಅವರ ಚಿಹ್ನೆ ಪಟ್ಟಿಯ ಸಂಖ್ಯೆ ಮಾತ್ರ ಸಾಕು ಅಂದೆ. ಹೆಸರು ಕಂಡರೆ ಉತ್ತರವೇ ಕಂಡಂತೆ ಅಲ್ವಾ. ಮೊದಲ ಸಲ ಇದು ಹೊಳೆದಿರಲಿಲ್ಲ, ಮೂರು ತಿಂಗಳ ಚೀಟಿಗಳನ್ನು ಹರಿದು ಹಾಕಿದೆ.

ದುಡ್ಡೂ ಹೋಯಿತು. ಸುಮಾರು 6 ಸಾವಿರ ಕೊಟ್ಟು ತಂದ ಹಳೆ ಪುಸ್ತಕ, ಕೆಲವು ಚಿಹ್ನೆಗಳ ಓದನ್ನು ವಿದ್ವಾಂಸರು ತಿದ್ದಿದ 1973ಕ್ಕೂ ಮುಂಚಿನದು. ಜಿ, ಜ ಅಂತ ಓದಬೇಕಾದ ಚಿಹ್ನೆಗಳನ್ನು ಅದರಲ್ಲಿ ಇ, ಈ ಅಂತ ಓದಿದ್ದರು. ಅದರಿಂದ ಬಹುವಚನದ ಗುರುತೇ ನನಗೆ ಸಿಗಲಿಲ್ಲ. ಜೆರಾಕ್ಸ್‌ಗೆ ಇನ್ನೂ ಎರಡು ಸಾವಿರ ಆಗಿರಬೇಕು.

ಜಾಸ್ತಿ ಕಾಡಿದ್ದು 'ಸಿತರಿ'. ಕೇಳಿದ ಕೂಡಲೇ ಸಂಸ್ಕೃತದ 'ಸೂತ್ರ' ನೆನಪಾಯಿತು. ಆ ದಾರಿ ಹಿಡಿಯಲಿಲ್ಲ. ಸದ್ದು ಹೊಂದಿದೆ ಅಂತ ಸುಮ್ನೆ ನಂಬಿ ಬೇರೆ ನಾಲ್ಕು ಪದಗಳಲ್ಲಿ ಆಗಲೇ ಎಡವಿದ್ದೆ. ವಾಕ್ಯವನ್ನೇ ನೋಡಿದೆ. ಹಿಂದೆ ಗಂಡಸರೂ ಹೆದರುತ್ತಿದ್ದ ದಾರಿಗಳಲ್ಲಿ ನನ್ನ ಕಾಲಕ್ಕೆ ಹೆಂಗಸರು 'ಸಿತರಿ'-ತಿ ನಡೆಯುತ್ತಾರೆ ಅಂತ ಶಾಸನ ಬರೆಸಿದ ಅಜತಿವಾದ ಹೇಳಿಕೊಳ್ಳುತ್ತಾನೆ. '-ತಿ' ಅಂದರೆ 'ಇಂದ' ಅಥವಾ 'ಜೊತೆ'. ಹೆದರಿಕೆ ಇಲ್ಲದ ಹೆಂಗಸಿನ ಕೈಯಲ್ಲಿ ಏನಿರಬಹುದು? ಕತ್ತಿ ಇದ್ದರೆ ಮಾತಿನ ಬಲವೇ ಹೋಗುತ್ತದೆ. ಮಗು, ಕೊಡ, ನೂಲುವ ಕದಿರು ಅಂತ ಮೂರು ಚೀಟಿ ಬರೆದೆ. ಆಮೇಲೆ ಅದೇ ಸೀಮೆಯ ಮರಾಶ್‌ ಊರಿನ ಹಳೆ ಸಮಾಧಿ ಕಲ್ಲುಗಳ ಫೋಟೋ ತೆಗೆದು ನೋಡಿದೆ. ಒಂದರಲ್ಲಿ ಕೂತ ಹೆಂಗಸು ನೂಲುತ್ತಿದ್ದಾಳೆ, ಎದುರಿಗೆ ಬರೆಯುವ ಹುಡುಗ. ಮಗು, ಕೊಡ ಎರಡನ್ನೂ ಪಕ್ಕಕ್ಕಿಟ್ಟೆ.

ಗೆಳೆಯ ಫಿನೀಷಿಯನ್ ಸಾಲು ಓದಿದ: 'ಪ್ಲ್ಕ್ಮ್', ಕದಿರುಗಳು! ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರರಲ್ಲಿ ಒಂದನ್ನು ಆರಿಸುವ ಮೊದಲು ಚೀಟಿಗಳನ್ನು ಒಂದು ಕ್ರಮದಲ್ಲಿ ಜೋಡಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಟರ್ಕಿಯ ಕುಲುಲುವಿನಲ್ಲಿ ಸಿಕ್ಕ, ಲೂವಿಯನ್ ಬರಹವಿರುವ ಸೀಸದ ಪಟ್ಟಿಗಳ ಮೇಲೂ ಇದನ್ನೇ ಪ್ರಯೋಗ ಮಾಡಿದೆ. ಅಲ್ಲಿ ಬರೀ ಹೆಸರು, ಕುರಿ, ಬಾರ್ಲಿ ಲೆಕ್ಕ. ವಾಕ್ಯವೇ ಸಿಗದೆ ಬಿಟ್ಟೆ. ಹಿಟ್ಟೈಟರ ರಾಜಧಾನಿ ಹತ್ತುಸಾದ ಮಣ್ಣಿನ ಹಲಗೆಯ 'ಅಲತಿ' ಕಥೆ ಬೇರೆ. ಅವರು ವಿಲುಸದಿಂದ ಬಂದಾಗ ಅನ್ನುವ ಸಾಲಿನಲ್ಲಿ ಅದಕ್ಕೆ 'ಕಡಿದಾದ' ಅಂತ 1986ರಲ್ಲಿ ಭಾಷಾವಿಜ್ಞಾನಿ ವಾಟ್ಕಿನ್ಸ್ ಅರ್ಥ ಹೇಳಿದರು. ವಿಲುಸ ಅಂದರೆ ಟ್ರಾಯ್ ಅಂತ ಹಲವರು ಹೇಳುತ್ತಾರೆ, ಅದು ನೆನಪಾಗಿ ಯಾರಿಗಾದರೂ ಈ ಅರ್ಥ ನಂಬುವ ಆಸೆ ಆಗುತ್ತದೆ, ನನಗೂ ಆಯಿತು. ಆದರೆ ಮುಂದೆ ಚಿತ್ರವಿಲ್ಲ, ಪಕ್ಕದಲ್ಲಿ ಇನ್ನೊಂದು ಭಾಷೆ ಇಲ್ಲ. ನನ್ನ ಡಬ್ಬಿಯಲ್ಲಿ ಆ ಚೀಟಿಯ ಮೇಲೆ ಇನ್ನೂ ಪ್ರಶ್ನೆ ಗುರುತೇ ಇದೆ.