ದಿಬ್ಬ ಮುಚ್ಚುವುದಕ್ಕಿಂತ ತೆರೆಯುವುದೇ ಕಷ್ಟ: ಮಡಗಾಸ್ಕರ್‌ನ ಆಕ್ಟೋಪಸ್ ಹಳ್ಳಿಯಲ್ಲಿ ನನ್ನ ಅನುಭವ

2014ರ ಆಗಸ್ಟ್ 13ರ ಸಂಜೆ ತೂಕದ ಪುಸ್ತಕ ಮುಚ್ಚಿದಾಗ ಮೂರು ದಿನಗಳ ಒಟ್ಟು ಸಾವಿರದ ಮುನ್ನೂರು ಕಿಲೋ ಚಿಲ್ಲರೆ ಆಗಿತ್ತು. ಎಲ್ಲವೂ ಆಕ್ಟೋಪಸ್. ಅರ್ಧಕ್ಕಿಂತ ಹೆಚ್ಚು ಹೆಂಗಸರು ಹಿಡಿದದ್ದು. ದರ ಕಿಲೋಗೆ 2,200 ಆರಿಯಾರಿ, ಮೊದಲ ಬುಟ್ಟಿಗೂ ಕೊನೆಯ ಬುಟ್ಟಿಗೂ ಒಂದೇ. ಆಗ ನಮ್ಮ ಒಂದು ರೂಪಾಯಿಗೆ ಸುಮಾರು ನಲವತ್ತು ಆರಿಯಾರಿ ಸಿಗುತ್ತಿತ್ತು. ತೊಂಬತ್ತು ಮನೆಗಳ ಹಳ್ಳಿಗೆ ಮೂರೇ ದಿನದಲ್ಲಿ ಇಪ್ಪತ್ತೆಂಟು ಲಕ್ಷ ಆರಿಯಾರಿ, ಅಂದರೆ ಎಪ್ಪತ್ತು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಹವಳದ ದಿಬ್ಬದ ಒಂದು ಭಾಗವನ್ನು ಕೆಲವು ತಿಂಗಳು ಮುಚ್ಚಿ, ಅಂದರೆ ಅಲ್ಲಿ ಆಕ್ಟೋಪಸ್ ಹಿಡಿಯದೆ ಬಿಟ್ಟು, ಮತ್ತೆ ತೆರೆಯುವ ಈ ಕೆಲಸದಲ್ಲಿ ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೆ. ಎರಡನೇ ಸೋಲಿನ ನಂತರ ನಮ್ಮ ಕ್ಷೇತ್ರದ ಹಿರಿಯರೊಬ್ಬರು, ಇದು ಅಂದವದೂಕ ಎಂಬ ಹಳ್ಳಿಯಲ್ಲಿ ನಡೆದದ್ದು ಅಲ್ಲಿನ ಅದೃಷ್ಟ, ಬೇರೆಡೆ ಆಗುವುದಿಲ್ಲ ಎಂದು ವರದಿಯಲ್ಲೇ ಬರೆದರು. ಬೇರೆಡೆಯೂ ಆಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗಂಗೊಳ್ಳಿಯವನು. ಅಜ್ಜನದು ರಂಪಣಿ, ಅಂದರೆ ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ; ಅಪ್ಪನದು ಪಟ್ಟೆಬಲೆ. ಅಮ್ಮ ಮೀನು ಬುಟ್ಟಿ ಹೊತ್ತವಳು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ತಿರುಗಿ ತಿರುಗಿ ಕೊನೆಗೆ ಮಡಗಾಸ್ಕರ್‌ನ ನೈಋತ್ಯ ಕರಾವಳಿಯ ವೇಜು ಜನರ ನಡುವೆ ಐದಾರು ವರ್ಷ ಇದ್ದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಂದವದೂಕದಿಂದ ದಕ್ಷಿಣಕ್ಕೆ, ಗಾಳಿ ಅನುಕೂಲವಾದರೆ ಹಾಯಿದೋಣಿಯಲ್ಲಿ ಒಂದು ದಿನದ ದಾರಿ.

ಅಂದವದೂಕದ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. 2004ರ ನವೆಂಬರಿನಲ್ಲಿ ಅಲ್ಲಿನವರು ನುಸಿ ಫಾಸಿ ಎಂಬ ಮರಳು ದ್ವೀಪದ ಸುತ್ತಲಿನ ದಿಬ್ಬವನ್ನು ಏಳು ತಿಂಗಳು ಮುಚ್ಚಿದರು. ಆಕ್ಟೋಪಸ್ ಬೇಗ ಬೆಳೆದು ಬೇಗ ಸಾಯುವ ಪ್ರಾಣಿ. ಸ್ವಲ್ಪ ಬಿಟ್ಟರೂ ತೂಕ ಏರುತ್ತದೆ. ನಾನು 2011ರಲ್ಲಿ ಅದನ್ನೇ ಕಣ್ಣು ಮುಚ್ಚಿ ನಕಲು ಮಾಡಿದೆ: ನವೆಂಬರಿನಿಂದ ಏಳು ತಿಂಗಳು, ನಮ್ಮ ದಿಬ್ಬದ ಐದನೇ ಒಂದು ಭಾಗ. ಗಡಿಗೆ ತೇಲುಬುರುಡೆ, ಕಾವಲಿಗೆ ಸಂಬಳದ ಹುಡುಗರು, ದೋಣಿಗೆ ಎಂಜಿನ್. ಮೊದಲ ವರ್ಷ ಮೂವತ್ತು ಲಕ್ಷ ಆರಿಯಾರಿಗೂ ಮೇಲೆ ಖರ್ಚಾಯಿತು. ಆ ವರ್ಷ ಹಳ್ಳಿಗೆ ಬಂದ ಹಣ ಅದರ ಮೂರನೇ ಒಂದು ಭಾಗವೂ ಇರಲಿಲ್ಲ.

ಯಾಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪನ್ನು ಆಮೇಲೆ ಇನ್ನೂ ಮೂರು ಕಡೆ ಕಂಡೆ. ತೆರೆಯುವ ದಿನವನ್ನು ಹಣ ಕೊಟ್ಟವರ ಕಚೇರಿ ನಿಗದಿ ಮಾಡಿತು. ಅವರ ಅತಿಥಿಗಳು ಬರುವ ವಿಮಾನಕ್ಕೆ ಹೊಂದಿಸಿ ಜೂನ್ ಎರಡನೇ ವಾರ ಎಂದರು. ಪಂಚಾಂಗ ನೋಡಿದರೆ ಅಷ್ಟಮಿಯ ಆಸುಪಾಸು. ಅಷ್ಟಮಿಯ ನೀರು ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ ಎಂದು ನಮ್ಮೂರಿನ ಹತ್ತು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೂ ಗಟ್ಟಿಯಾಗಿ ಬೇಡವೆನ್ನಲಿಲ್ಲ. ಆ ದಿನ ದಿಬ್ಬದ ತಲೆ ನೀರಿನಿಂದ ಮೇಲೆ ಬರಲೇ ಇಲ್ಲ. ವೇಜು ಹೆಂಗಸರು ಇಳಿತದಲ್ಲಿ ದಿಬ್ಬದ ಮೇಲೆ ನಡೆದು, ವುಲುಸು ಎಂಬ ಈಟಿಯಿಂದ ಬಿಲ ಕೆದಕಿ ಹಿಡಿಯುವವರು. ಸೊಂಟದ ನೀರಿನಲ್ಲಿ ನಿಂತು ಅವರಿಗೆ ಬಿಲ ಕಾಣಲಿಲ್ಲ. ನೀರಿನಲ್ಲಿ ಮುಳುಗಿ ಹಿಡಿಯುವ ಗಂಡಸರು ಎಲ್ಲವನ್ನೂ ಬಾಚಿದರು. ಸುದ್ದಿ ಕೇಳಿ ದೂರದ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ದೋಣಿಗಳು ಬಂದಿದ್ದವು. ಹವಳ ಕಾಲಡಿಯಲ್ಲಿ ಪುಡಿಯಾಯಿತು. ಖರೀದಿಯವನು ತಂದ ಐಸ್ ಮಧ್ಯಾಹ್ನಕ್ಕೇ ಮುಗಿಯಿತು. 1,600 ಇದ್ದ ದರವನ್ನು 900ಕ್ಕೆ ಇಳಿಸಿದ, ಸಂಜೆ ಬೇಡವೆಂದೇ ಹೇಳಿದ. ಇನ್ನೂರು ಕಿಲೋ ಆದರೂ ಮರಳಿನ ಮೇಲೆ ಕೊಳೆಯಿತು. ಒಬ್ಬ ಹಿರಿಯ ಹೆಂಗಸು ಖಾಲಿ ಬುಟ್ಟಿಯನ್ನು ನನ್ನ ಮುಂದೆ ಇಟ್ಟು, "ಏಳು ತಿಂಗಳು ನಾವು ಹಸಿದದ್ದು ಯಾರಿಗಾಗಿ?" ಎಂದು ಕೇಳಿದಳು. ಆ ಬುಟ್ಟಿ ಇಂದಿಗೂ ಕಣ್ಣ ಮುಂದಿದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಬಂದ್ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿದ ವಾರ ದರ ಹೇಗೆ ಕುಸಿಯುತ್ತದೆ ಎಂದು ಕಂಡು ಬೆಳೆದವನು ನಾನು. ಮುಚ್ಚಿದರೆ ಮೀನು ಬರುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಬಂದ ಮೀನು ಯಾರ ಬುಟ್ಟಿಗೆ, ಯಾವ ದರಕ್ಕೆ ಎಂಬುದು ತೆರೆಯುವ ಮೂರು ದಿನಗಳಲ್ಲಿ ತೀರ್ಮಾನವಾಗುತ್ತದೆ. ನಾವೆಲ್ಲ ಹಣವನ್ನೂ ತಲೆಯನ್ನೂ ಮುಚ್ಚುವುದಕ್ಕೇ ಸುರಿಯುತ್ತೇವೆ.

ಎರಡನೇ ಪ್ರಯತ್ನ 2013ರಲ್ಲಿ. ನಡುವೆ ಕಡಲಕಳೆಯ ಕೃಷಿಯನ್ನೂ ಮಾಡಿ ನೋಡಿದ್ದೆ. ದಿಬ್ಬ ಮುಚ್ಚಿದ ತಿಂಗಳುಗಳಲ್ಲಿ ಮನೆ ನಡೆಯಲಿ ಎಂದು ಇಪ್ಪತ್ತು ಕುಟುಂಬಗಳಿಗೆ ಹಗ್ಗ, ಗೂಟ, ಬೀಜ ಕೊಟ್ಟೆವು. ಮೊದಲ ಕೊಯ್ಲು ಚೆನ್ನಾಗಿಯೇ ಬಂತು. ಆ ಫೆಬ್ರವರಿ 22ರಂದು ಹರೂನಾ ಚಂಡಮಾರುತ ಮುರುಂಬೆಯ ಬಳಿ ದಡ ಹೊಡೆಯಿತು. ಒಂದು ಹಗ್ಗವೂ ಉಳಿಯಲಿಲ್ಲ. ಮಣ್ಣಿನ ಮಡಕೆಗಳನ್ನು ಮರಳಲ್ಲಿ ಇಟ್ಟು ಆಕ್ಟೋಪಸ್‌ಗೆ ಮನೆ ಕೊಡುವ ಪ್ರಯೋಗವನ್ನೂ ಮಾಡಿದೆ. ನಲವತ್ತು ಮಡಕೆ ಇಟ್ಟೆ. ಐದಾರರಲ್ಲಿ ಬಂದು ಕುಳಿತವು, ಮಿಕ್ಕವು ಮರಳು ತುಂಬಿ ಹೂತುಹೋದವು. ದಿಬ್ಬದಲ್ಲಿ ಬಿಲಗಳಿಗೆ ಬರವಿಲ್ಲದ ಕಡೆ ಮಡಕೆ ದಂಡ. ಬರೀ ಮರಳಿನ ತಳ ಇರುವವರು ಪ್ರಯತ್ನಿಸಬಹುದು.

ಆ ವರ್ಷ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿ, ಹುಣ್ಣಿಮೆಗೆ ತೆರೆಯಲು ನಿಶ್ಚಯಿಸಿದೆವು. ಏಳು ತಿಂಗಳು ಯಾರಿಗೂ ಬೇಡ. ಹೆಣ್ಣು ಎರಡು ಕಿಲೋ ದಾಟಿದ ಮೇಲೆ ಮೊಟ್ಟೆಗೆ ಕೂರುತ್ತದೆ, ತಿನ್ನುವುದನ್ನು ಬಿಡುತ್ತದೆ, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಬಹಳ ಕಾದರೆ ಬುಟ್ಟಿಗೆ ಬರಬೇಕಾದದ್ದು ಬಿಲದಲ್ಲೇ ಮುಗಿಯುತ್ತದೆ. ಲೆಕ್ಕ ಸರಿಯಿತ್ತು. ಕೆಟ್ಟದ್ದು ದೀನ. ಹಳ್ಳಿ ತಾನೇ ಬರೆದುಕೊಳ್ಳುವ ಕಟ್ಟಳೆಗೆ ಅಲ್ಲಿ ದೀನ ಎನ್ನುತ್ತಾರೆ. ತೆರೆಯಲು ಹತ್ತು ದಿನ ಇರುವಾಗ ರಾತ್ರಿ ಟಾರ್ಚ್ ಹಿಡಿದು ಕದಿಯುತ್ತಿದ್ದ ಇಬ್ಬರು ಸಿಕ್ಕಿಬಿದ್ದರು. ಒಬ್ಬ ಸಮಿತಿಯ ದೊಡ್ಡವರ ತಮ್ಮನ ಮಗ. ದಂಡ ಹಾಕಲಿಲ್ಲ. ಮರುರಾತ್ರಿ ಇಪ್ಪತ್ತು ಟಾರ್ಚ್ ಕಂಡವು, ಮೂರನೇ ರಾತ್ರಿ ಇಡೀ ಊರು. ಹುಣ್ಣಿಮೆಗೆ ತೆರೆಯಲು ಏನೂ ಉಳಿದಿರಲಿಲ್ಲ. ಮುಂದಿನ ವರ್ಷದ ಹಣ ನಿಂತಿತು.

ಹಣ ನಿಂತದ್ದು ಒಳ್ಳೆಯದೇ ಆಯಿತು. ಸಂಬಳದ ಕಾವಲು ಹೋಯಿತು, ಎಂಜಿನ್ ಹೋಯಿತು. ಅದೇ ವರ್ಷ ನನ್ನ ಕೈಯಿಂದಲೇ ಖರ್ಚು ಮಾಡಿ ಮಾರಿಷಸ್‌ಗೆ ಸೇರಿದ ರೊಡ್ರಿಗ್ಸ್ ದ್ವೀಪಕ್ಕೆ ಹೋಗಿಬಂದೆ. ಅಲ್ಲಿ 2012ರ ಆಗಸ್ಟ್‌ನಿಂದ ಎರಡು ತಿಂಗಳು ಇಡೀ ಲಗೂನಿನಲ್ಲಿ, ಅಂದರೆ ದಿಬ್ಬ ಸುತ್ತುವರಿದ ಆಳವಿಲ್ಲದ ನೀರಿನಲ್ಲಿ, ಆಕ್ಟೋಪಸ್ ಹಿಡಿಯುವುದನ್ನೇ ನಿಲ್ಲಿಸಿದ್ದರು, ಆ ಕಾಲದಲ್ಲಿ ಮೀನುಗಾರರಿಗೆ ಸರ್ಕಾರವೇ ಬೇರೆ ಕೆಲಸ ಕೊಟ್ಟು ಕೂಲಿ ಕೊಟ್ಟಿತ್ತು. ಅಷ್ಟು ದುಡ್ಡು ನಮ್ಮ ಹಳ್ಳಿಗೆ ಎಲ್ಲಿಂದ ಬರಬೇಕು? ಆದರೆ ಅಲ್ಲಿನ ಹೆಂಗಸರ ಜೊತೆ ದಿಬ್ಬದ ಮೇಲೆ ನಡೆದದ್ದು ಲಾಭವಾಯಿತು. ಆಕ್ಟೋಪಸ್‌ಗೆ ವೇಜು ಭಾಷೆಯಲ್ಲಿ ಹೇಳುವ ಹುರಿಟ ಅಲ್ಲಿ ಉರಿತ್ ಆಗಿದೆ. ಪದವೇ ಸಾಗರ ದಾಟಿ ಹೋಗಿದೆ. ನಮ್ಮ ಹಳ್ಳಿಯಲ್ಲೂ ಮಾತು ಹೆಂಗಸರಿಂದಲೇ ಶುರುವಾಗಬೇಕು ಎಂಬ ನಿಶ್ಚಯ ಅಲ್ಲಿ ಗಟ್ಟಿಯಾಯಿತು.

ಮೂರನೇ ಸಲ ಸಭೆಯನ್ನು ಹೆಂಗಸರ ಜೊತೆ, ಅವರು ಈಟಿ ಮಸೆಯುವ ಜಾಗದಲ್ಲೇ ಮಾಡಿದೆ. ರಂಪಣಿ ಎಳೆದ ದಿನ ಹಗ್ಗ ಹಿಡಿದ ಪ್ರತಿಯೊಬ್ಬರಿಗೂ ಪಾಲು ಎಂದು ನಮ್ಮೂರಿನ ಕಥೆ ಹೇಳಿದೆ. ಅದರಿಂದ ಹುಟ್ಟಿದ ನಿಯಮ ಇಷ್ಟು: ಮೊದಲ ದಿನ ಕಾಲ್ನಡಿಗೆಯವರು ಮಾತ್ರ, ಅಂದರೆ ಹೆಂಗಸರು, ಮಕ್ಕಳು, ವಯಸ್ಸಾದವರು. ಮುಳುಗುವವರು ಎರಡನೇ ದಿನದಿಂದ, ಅದೂ ದಿಬ್ಬದ ಹೊರ ಅಂಚಿನಲ್ಲಿ. ಪರ ಊರಿನ ದೋಣಿಗಳು ಮೂರನೇ ದಿನ, ದೋಣಿಗಿಷ್ಟು ಎಂದು ಕಾಣಿಕೆ ಕೊಟ್ಟು. 350 ಗ್ರಾಂಗಿಂತ ಚಿಕ್ಕದನ್ನು ಹಿಡಿಯಬಾರದೆಂಬುದು ದೇಶದ ಕಾನೂನೇ. ನಮ್ಮ ತಕ್ಕಡಿಯಲ್ಲಿ ಅದನ್ನು ತೂಗುವುದಿಲ್ಲವೆಂದು ಸಾರಿದೆವು. ಬಿಲದ ಬಾಯಿಗೆ ಒಳಗಿನಿಂದ ಕಲ್ಲು ಅಡ್ಡವಿಟ್ಟುಕೊಂಡಿದ್ದರೆ ಮೊಟ್ಟೆಗೆ ಕೂತ ಹೆಣ್ಣು, ಅದನ್ನು ಬಿಡಬೇಕು. ಇದನ್ನು ಗುರುತಿಸಲು ಹುಡುಗಿಯರಿಗೆ ಕಲಿಸಿದವಳು ಅದೇ ಖಾಲಿ ಬುಟ್ಟಿಯ ಹಿರಿಯಳು. ದಂಡ ವಸೂಲಿಯೂ ಅವಳ ಕೈಗೇ ಹೋಯಿತು. ಮೊದಲ ದಂಡವನ್ನು ಅವಳು ತನ್ನ ಮೊಮ್ಮಗನಿಗೇ ಹಾಕಿದಳು. ಆಮೇಲೆ ಟಾರ್ಚ್ ಕಾಣಲಿಲ್ಲ. ರಾತ್ರಿ ದಿಬ್ಬಕ್ಕೆ ಇಳಿದವರು ಯಾರೆಂದು ಬೆಳಿಗ್ಗೆ ನಮಗೆ ಹೇಗೆ ತಿಳಿಯುತ್ತಿತ್ತು ಎಂಬ ಉಪಾಯವನ್ನು ಇಲ್ಲಿ ಬರೆಯಲಾರೆ. ಬರೆದರೆ ಅದು ಉಪಾಯವಾಗಿ ಉಳಿಯುವುದಿಲ್ಲ.

2014ರ ಮೇ 28ರ ಅಮಾವಾಸ್ಯೆಯ ನೀರು ಮುಗಿಯುತ್ತಲೇ ಮುಚ್ಚಿದೆವು. ಎಪ್ಪತ್ತು ದಿನದ ಲೆಕ್ಕ. ಆ ಎಪ್ಪತ್ತು ದಿನ ನಾನು ದಿಬ್ಬದ ಕಡೆ ಹೆಚ್ಚು ನೋಡಲಿಲ್ಲ, ತುಲಿಯಾರ ಪಟ್ಟಣದಲ್ಲಿ ಖರೀದಿಯವರ ಬಾಗಿಲು ಕಾದೆ. ಒಬ್ಬನೇ ಕೊಳ್ಳುವವನಿದ್ದರೆ ದರ ಅವನದೇ. ಗಂಗೊಳ್ಳಿಯ ದಕ್ಕೆಯ ಏಲಂ ಕೂಗು ಕೇಳಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎರಡನೇ ಲಾರಿಯನ್ನು ಒಂದೂವರೆ ದಿನದ ಮರಳು ದಾರಿಯಲ್ಲಿ ಬರುವಂತೆ ಒಪ್ಪಿಸಿದೆ. ಹೇಗೆ ಎಂಬುದನ್ನು ಮುಖತಃ ಕೇಳಿದವರಿಗೆ ಹೇಳುತ್ತೇನೆ. ಕಾಗದದ ಮೇಲೆ ಬರೆಸಿಕೊಂಡದ್ದು ಮೂರು ಮಾತು: ದರ ಮೂರು ದಿನ ಬದಲಾಗದು, ಐಸ್ ಹಿಂದಿನ ರಾತ್ರಿಯೇ ಬಂದಿರಬೇಕು, ತಕ್ಕಡಿ ಹಳ್ಳಿಯದು. ತಕ್ಕಡಿಗೆ ಒಂದು ಲಕ್ಷ ಆರಿಯಾರಿ ಚಿಲ್ಲರೆ ಕೊಟ್ಟೆ; ಇಡೀ ಕೆಲಸದಲ್ಲಿ ಅದಕ್ಕಿಂತ ಚೆನ್ನಾಗಿ ಖರ್ಚಾದ ಹಣ ಇನ್ನೊಂದಿಲ್ಲ. ಖರೀದಿಯವರ ತಕ್ಕಡಿಯಲ್ಲಿ ಕಿಲೋಗೆ ನೂರು ಗ್ರಾಂ ಮಾಯವಾಗುತ್ತಿತ್ತು. ಕೊಳ್ಳುವವರು ಕಿಲೋಗೆ ನೂರು ಆರಿಯಾರಿಯನ್ನು ಊರಿನ ನಿಧಿಗೆ ಕೊಡಬೇಕೆಂದೂ ಆಯಿತು. ಮುಂದಿನ ಕಾವಲಿನ ಅಕ್ಕಿ ಅದರಿಂದಲೇ ಬಂತು. ಆ ವರ್ಷದ ಒಟ್ಟು ಖರ್ಚು ಆರು ಲಕ್ಷ ದಾಟಲಿಲ್ಲ.

ಆಗಸ್ಟ್ 10 ನೂಲ ಹುಣ್ಣಿಮೆ. ಮನೆಗೆ ಫೋನ್ ಮಾಡಿದಾಗ ಅಮ್ಮ, ಇವತ್ತು ಸಮುದ್ರ ಪೂಜೆ, ಹಾಲು ತೆಂಗಿನಕಾಯಿ ಬಿಟ್ಟರು ಎಂದಳು. ಅದೇ ಸಂಜೆ ಇಲ್ಲಿ ಹಿರಿಯರು ಪೂರ್ವಿಕರನ್ನು ಕರೆದು ದಡದಲ್ಲಿ ರಮ್ ಸುರಿದರು. ಮರುದಿನ ನೀರು ಇಳಿಯಿತು, ದಿಬ್ಬ ಬೆನ್ನು ತೋರಿಸಿತು, ಹೆಂಗಸರು ಸಾಲಾಗಿ ನಡೆದರು. ಮೊದಲು ಮೇಲೆ ಬಂದದ್ದು ಮೂರು ಕಿಲೋ ಹತ್ತಿರದ್ದು. ಆ ಕೂಗು ದಡದವರೆಗೆ ಕೇಳಿಸಿತು. ನನಗೆ ಕಣ್ಣು ತುಂಬಿತು.

ಅಂದವದೂಕದ ಸುತ್ತಲಿನ ಎಂಟು ವರ್ಷಗಳ ಲೆಕ್ಕ 2015ರಲ್ಲಿ ಪ್ರಕಟವಾಯಿತು. ತೆರೆದ ಮೊದಲ ತಿಂಗಳಲ್ಲಿ ಆ ದಿಬ್ಬಗಳ ಇಳುವರಿ ಶೇಕಡ 700ಕ್ಕೂ ಮೀರಿ ಏರಿತ್ತು. ನಮ್ಮದು ಅಷ್ಟಿಲ್ಲ, ನಾಲ್ಕೈದು ಪಟ್ಟು ಇರಬಹುದು. ಆದರೆ ಹೆಂಗಸರ ಪಾಲಿನ ವಿಷಯದಲ್ಲಿ ನಮ್ಮ ಪುಸ್ತಕವನ್ನು ಯಾರ ಪುಸ್ತಕದ ಪಕ್ಕದಲ್ಲಿ ಬೇಕಾದರೂ ಇಡಬಲ್ಲೆ. ಅದಾದ ಮೇಲೆ ಅಕ್ಕಪಕ್ಕದ ಎರಡು ಹಳ್ಳಿಗಳು ಅದೇ ಪಂಚಾಂಗ ಹಿಡಿದವು. ಅನುಮಾನಿಸಿದ ಆ ಹಿರಿಯರೂ ಬಂದು ಒಂದು ದಿನ ತಕ್ಕಡಿಯ ಬಳಿ ಕುಳಿತು ಹೋದರು.

ಮರುವರ್ಷಕ್ಕೂ ಆಗಸ್ಟ್ ಹುಣ್ಣಿಮೆಯೇ ಇರಲಿ ಎಂದು ನಾನು ಹೇಳಿದೆ. ಹೆಂಗಸರು ಒಪ್ಪಲಿಲ್ಲ. ಸೆಪ್ಟೆಂಬರ್ ಕೊನೆಯ ಹುಣ್ಣಿಮೆಗೆ ತೆರೆಯೋಣ, ಅಕ್ಟೋಬರಿನಲ್ಲಿ ಶಾಲೆ ಶುರುವಾಗುತ್ತದೆ, ಮಕ್ಕಳ ಶುಲ್ಕಕ್ಕೆ ದುಡ್ಡು ಆಗ ಕೈಯಲ್ಲಿರಬೇಕು ಎಂದರು. ನಾನು ಪಂಚಾಂಗ ತಿದ್ದಿಕೊಂಡೆ.