ಕವಚ ತರಿಸುವ ಮುನ್ನ: ಮೆಲ್ಬರ್ನ್‌ಗೆ ಹೊಸದಾಗಿ ಬಂದವರಿಗೆ

ಕಳೆದ ತಿಂಗಳು ಊಟಕ್ಕೆ ಬಂದಿದ್ದ ದಾವಣಗೆರೆಯ ಹುಡುಗ ಮೊಬೈಲ್‌ನಲ್ಲಿ ಒಂದು ಜಾಕೆಟ್ ತೋರಿಸಿದ. ಚಾಕುವಿನಿಂದ ತಿವಿದರೂ ಒಳಗಿಳಿಯದಂಥದ್ದು. ರಾತ್ರಿ ಪಾಳಿಯ ಕೆಲಸ, ಜೊತೆಗೆ ಯಾರೂ ಇಲ್ಲ, ವಿದೇಶದಿಂದ ತರಿಸಿಕೊಳ್ಳುತ್ತೇನೆ ಎಂದ. ಅನ್ನ ಕಲಸುತ್ತಿದ್ದ ಕೈಯಲ್ಲೇ ಅವನನ್ನು ತಡೆದೆ. 2009ರಲ್ಲಿ ಅದೇ ಗುಂಡಿ ಒತ್ತಿ ಕೆಟ್ಟವನು ನಾನು.

ಭಾರತೀಯ ವಿದ್ಯಾರ್ಥಿಗಳ ಮೇಲೆ ಇಲ್ಲಿ ಹಲ್ಲೆಗಳಾಗಿ, ಅವರು ಬೀದಿಗಿಳಿದು ಪ್ರತಿಭಟಿಸಿದ ವರ್ಷ ಅದು. ನಾನು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಒಬ್ಬನೇ ಕೂರುತ್ತಿದ್ದೆ. ಅಮ್ಮ ದಿನವೂ ಫೋನಿನಲ್ಲಿ ಅಳುತ್ತಿದ್ದಳು. ಕತ್ತಿಯಲ್ಲ, ಬಂದೂಕಲ್ಲ, ಮೈಮೇಲೆ ಹಾಕಿಕೊಳ್ಳುವ ಬಟ್ಟೆ ತಾನೇ ಎಂದು ಎರಡು ವಾರದ ಸಂಬಳ ಸುರಿದು ಒಂದು ಕವಚ ತರಿಸಿದೆ. ಅದು ಬರಲಿಲ್ಲ. ಮುಟ್ಟುಗೋಲಿನ ಪತ್ರ ಬಂದಿತು. ಕರ್ಣನ ಕವಚವನ್ನು ಇಂದ್ರನಾದರೂ ಬೇಡಿ ಪಡೆದ. ಇಲ್ಲಿ ಬೇಡುವ ಶಾಸ್ತ್ರವೂ ಇಲ್ಲ, ಅಂಚೆಯಲ್ಲೇ ಎತ್ತಿಕೊಳ್ಳುತ್ತಾರೆ.

ಹೋದ ಹಣ ಒತ್ತಟ್ಟಿಗಿರಲಿ. ವೀಸಾ ನವೀಕರಣಕ್ಕೆ ಏನಾದರೂ ತೊಡಕಾಗುವುದೇ ಎಂದು ಕೇಳಲು ವಕೀಲರಿಗೆ ಕೊಟ್ಟದ್ದು ಕವಚದ ಬೆಲೆಗಿಂತ ಹೆಚ್ಚು. ಪ್ರಕರಣ ದಾಖಲಾಗಲಿಲ್ಲ, ನಿಜ. ಆದರೆ ನಾಲ್ಕು ತಿಂಗಳು ಅಂಚೆ ಪೆಟ್ಟಿಗೆ ತೆರೆಯುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಅಂದು ಗೊತ್ತಿಲ್ಲದ್ದು ಇಷ್ಟು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕವಚವನ್ನು ನಿಯಂತ್ರಿಸುವುದು 1990ರ ಆಯುಧ ನಿಯಂತ್ರಣ ಕಾಯಿದೆ. ಆಯುಧದ ಪೆಟ್ಟಿನಿಂದ ದೇಹವನ್ನು ಕಾಯಲೆಂದು ಮಾಡಿದ ಉಡುಪು ಯಾವುದಾದರೂ ಅದರಡಿ ಬರುತ್ತದೆ. ಗುಂಡು ತಡೆಯುವುದೇ ಆಗಬೇಕೆಂದಿಲ್ಲ. ಪೊಲೀಸ್ ಮುಖ್ಯಸ್ಥರ ಅನುಮತಿಯೋ ವಿನಾಯಿತಿಯೋ ಇಲ್ಲದೆ ಕೊಳ್ಳುವುದು, ಇಟ್ಟುಕೊಳ್ಳುವುದು, ತೊಡುವುದು ಎಲ್ಲವೂ ಅಪರಾಧ. ಹೊರದೇಶದಿಂದ ತರಿಸುವುದಕ್ಕೂ ಮೊದಲೇ ಅನುಮತಿ ಬೇಕು. ಜಾಲತಾಣದಲ್ಲಿ ‘ಆಸ್ಟ್ರೇಲಿಯಾಕ್ಕೆ ಕಳುಹಿಸುತ್ತೇವೆ’ ಎಂದು ಬರೆದಿದ್ದರೆ ಅದು ಕಳುಹಿಸುವವನ ಭರವಸೆ, ಸಿಕ್ಕಿಬೀಳುವವರು ನೀವು. ಬೈಕಿನಿಂದ ಬಿದ್ದಾಗ ಕಾಯುವ ಜಾಕೆಟ್‌ಗೆ ಈ ತಂಟೆಯಿಲ್ಲ, ಏಕೆಂದರೆ ರಸ್ತೆ ಆಯುಧವಲ್ಲ.

ತಮಾಷೆಯೆಂದರೆ, ಇದೇ ಊರಿನ ರಾಜ್ಯ ಗ್ರಂಥಾಲಯದಲ್ಲಿ ಹಳೆಯ ಕಾಲದ ದರೋಡೆಕೋರ ನೆಡ್ ಕೆಲ್ಲಿಯ ಕವಚವನ್ನು ಹೆಮ್ಮೆಯಿಂದ ಇಟ್ಟಿದ್ದಾರೆ. ನೇಗಿಲಿನ ಕಬ್ಬಿಣ ಬಡಿದು ಮಾಡಿದ, ನಲವತ್ತು ಕೆಜಿಗೂ ಮೀರಿದ ತೂಕದ್ದು. 1880ರಲ್ಲಿ ಗ್ಲೆನ್‌ರೋವನ್‌ನಲ್ಲಿ ಪೊಲೀಸರು ಅವನ ಕಾಲಿಗೆ ಗುಂಡು ಹೊಡೆದು ಕೆಡವಬೇಕಾಯಿತು. ದರೋಡೆಕೋರ ಕವಚ ತೊಟ್ಟರೆ ಏನಾಗುತ್ತದೆಂದು ಇವರಿಗೆ ಆಗಲೇ ಗೊತ್ತಿತ್ತು ಅನ್ನಿ.

ಸ್ವರಕ್ಷಣೆಯ ಹಕ್ಕೇ ಇಲ್ಲವೇ ಎಂದು ಹುಡುಗ ಕೇಳಿದ. ಇದೆ. ಮೈಮೇಲೆ ಬಿದ್ದವನನ್ನು ಸಂದರ್ಭಕ್ಕೆ ತಕ್ಕಷ್ಟು ಎದುರಿಸಿದರೆ ಕಾನೂನು ನಿಮ್ಮ ಪರ ನಿಲ್ಲುತ್ತದೆ, ನಮ್ಮಲ್ಲಿಯ ಹಾಗೆಯೇ. ಆದರೆ ಅದಕ್ಕೆಂದು ಮುಂಚೆಯೇ ಸಾಮಾನು ಹೊತ್ತು ತಿರುಗುವಂತಿಲ್ಲ. ಚೀಲದಲ್ಲಿ ಅಡುಗೆ ಚಾಕು ಸಿಕ್ಕಾಗ ‘ರಕ್ಷಣೆಗೆ’ ಎಂದಿರೋ, ಕೆಟ್ಟಿರಿ. ಸ್ವರಕ್ಷಣೆ ಸಕಾರಣವಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಬಂದೂಕುಧಾರಿಯ ಗುಂಡಿಗೆ 35 ಜನ ಸತ್ತ 1996ರ ನಂತರ ಬಂದೂಕಿನ ಪರವಾನಗಿಯ ನಿಯಮವೂ ಅದೇ: ಬೇಟೆ ಕಾರಣವಾಗಬಹುದು, ಆತ್ಮರಕ್ಷಣೆ ಆಗದು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯಲ್ಲಿ ಬೆಳೆದ ನನ್ನ ಕೊಡವ ಗೆಳೆಯನಿಗೆ ಇದನ್ನು ಅರಗಿಸಿಕೊಳ್ಳಲು ವರ್ಷಗಳೇ ಹಿಡಿದವು.

ಟೆಕ್ಸಸ್‌ನಲ್ಲಿರುವ ನನ್ನ ಭಾವಮೈದುನ ಇದನ್ನು ಕೇಳಿ ನಗುತ್ತಾನೆ. ಅಮೆರಿಕದ ಒಕ್ಕೂಟ ಕಾನೂನು ಕವಚ ನಿಷೇಧಿಸಿರುವುದು ಹಿಂಸೆಯ ಘೋರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಮಾತ್ರ. ಆದರೆ 2022ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಅಂಗಡಿಯಲ್ಲಿ ಹತ್ತು ಜನರನ್ನು ಕೊಂದವನು ಕವಚ ತೊಟ್ಟಿದ್ದ. ಕಾವಲಿಗಿದ್ದ ನಿವೃತ್ತ ಪೊಲೀಸ್ ಹಾರಿಸಿದ ಗುಂಡು ತಗುಲಿದರೂ ಅವನಿಗೆ ಏನೂ ಆಗಲಿಲ್ಲ. ಸತ್ತವರಲ್ಲಿ ಆ ಕಾವಲುಗಾರನೂ ಒಬ್ಬ. ಆ ರಾಜ್ಯ ತರಾತುರಿಯಲ್ಲಿ ಸಾಮಾನ್ಯ ಜನರಿಗೆ ಕವಚದ ಮಾರಾಟ ನಿಷೇಧಿಸಿತು. ಮೊದಲು ಜಾರಿಗೆ ತಂದ ಕಾಯಿದೆಯ ವ್ಯಾಖ್ಯೆ ಎಷ್ಟು ಕಿರಿದಾಗಿತ್ತೆಂದರೆ, ಹಂತಕ ತೊಟ್ಟಿದ್ದ ಬಗೆಯದ್ದೇ ಹೊರಗುಳಿಯಿತು. ಆಮೇಲೆ ತಿದ್ದಿದರು.

ನನ್ನ ಪಕ್ಷ ಯಾವುದು? ಬಂದೂಕಿನ ವಿಷಯದಲ್ಲಿ ಕಣ್ಣುಮುಚ್ಚಿ ಆಸ್ಟ್ರೇಲಿಯಾ. ಕವಚದ ವಿಷಯದಲ್ಲಿ ಇಂದಿಗೂ ಮನಸ್ಸು ಒಪ್ಪುವುದಿಲ್ಲ. ಯಾರನ್ನೂ ಗಾಯಗೊಳಿಸದ ವಸ್ತುವನ್ನು ಆಯುಧದ ಕಾಯಿದೆಯಲ್ಲಿ ಸೇರಿಸಿ, ರಾತ್ರಿ ಒಬ್ಬನೇ ಕೂರುವ ಗುಮಾಸ್ತನನ್ನೂ ದರೋಡೆಕೋರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಹಾಗೆಂದು ನಿಯಮ ಮುರಿಯಬೇಡಿ. ನಿಜವಾಗಿ ಭಯವಿದ್ದರೆ ಮಾಲೀಕರಿಗೆ ಲಿಖಿತವಾಗಿ ದೂರು ಕೊಡಿ. ಸುರಕ್ಷಿತ ಕೆಲಸದ ಸ್ಥಳ ಒದಗಿಸುವುದು ಅವರ ಕಾನೂನುಬದ್ಧ ಹೊಣೆ. ನಮ್ಮ ಬಂಕಿನಲ್ಲಿ ಗಾಜಿನ ತಡೆ ಬಂದದ್ದು ನನ್ನ ಎರಡನೆಯ ಪತ್ರದ ನಂತರ.

ಇನ್ನು ಮಚ್ಚು. 2025ರ ಸೆಪ್ಟೆಂಬರ್‌ನಿಂದ ವಿಕ್ಟೋರಿಯಾದಲ್ಲಿ 20 ಸೆಂಟಿಮೀಟರ್‌ಗಿಂತ ಉದ್ದದ ಅಲಗಿನ ಮಚ್ಚು ನಿಷಿದ್ಧ. ಊರಿನಿಂದ ಎಳನೀರು ಕೊಚ್ಚುವ ಕತ್ತಿ ತರಬೇಡಿ.

ಹುಡುಗ ಆರ್ಡರ್ ರದ್ದು ಮಾಡಿದ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ತಂಗಿಗೆಂದು ಅಮ್ಮ ಕೊಟ್ಟ ಮೆಣಸಿನ ಸ್ಪ್ರೇ ಸೂಟ್‌ಕೇಸಿನಲ್ಲಿಯೇ ಬಂದುಬಿಟ್ಟಿದೆ, ಅದಕ್ಕೇನೂ ತೊಂದರೆಯಿಲ್ಲವಲ್ಲ ಎಂದ. ನಾನು ಅವನನ್ನು ಮತ್ತೆ ಒಳಗೆ ಕರೆದು ಕೂರಿಸಿ, ಠಾಣೆಯ ಫೋನ್ ನಂಬರ್ ಹುಡುಕತೊಡಗಿದೆ.